ಮನೆಯಿಂದ ಹೊರಟ ಸೂಜಿ

ನಮ್ಮ ಸೋಲಾಪುರವು ಮಗ್ಗದ ಊರು. ಚಾದರ ಟಾವೆಲುಗಳನ್ನು ನೇಯ್ದು ನಾಡಿಗೆಲ್ಲ ಕಳುಹಿಸಿದ ಈ ಊರಿನಲ್ಲಿ ಸೂಜಿಯ ಪರಿಚಯವಿಲ್ಲದ ಮನೆಯೇ ಇರಲಾರದು. ಕತ್ತರಿಯು ಒಂದನ್ನು ಎರಡು ಮಾಡುವುದು, ಸೂಜಿಯು ಎರಡನ್ನು ಒಂದು ಮಾಡುವುದು. ಆದುದರಿಂದ ಸೂಜಿಯಂತೆ ಬಾಳಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ನಾವು ಇಲ್ಲಿ ಬರೆಯಹೊರಟಿರುವುದು ಬಟ್ಟೆ ಹೊಲಿಯುವ ಸೂಜಿಯನ್ನು ಕುರಿತಲ್ಲ. ಔಷಧಿಯನ್ನು ಮೈಯೊಳಗೆ ಸೇರಿಸುವ ಸೂಜಿಯನ್ನು ಕುರಿತು. ಹಿಂದೆ ಅದು ದವಾಖಾನೆಯಲ್ಲಿ ಮಾತ್ರ ಕಾಣುತ್ತಿದ್ದಿತು. ಈಗ ಅದು ನಮ್ಮ ಮನೆಗಳ ಕಪಾಟಿಗೆ ಬಂದಿದೆ. ಬಂದುದು ಒಳ್ಳೆಯದೇ ಆಯಿತು. ಆದರೆ ಅದನ್ನು ಮನೆಯಿಂದ ಹೊರಗೆ ಕಳುಹಿಸುವ ರೀತಿಯನ್ನು ನಾವು ಇನ್ನೂ ಕಲಿತಿಲ್ಲ. ಈ ಮಾತು ನಮಗೆ ಹೇಗೆ ತಿಳಿಯಿತೆಂಬುದನ್ನು ಮೊದಲು ಹೇಳುವೆವು. ಇದರಲ್ಲಿ ತಪ್ಪು ನಮ್ಮದೇ ಆಗಿರುವುದರಿಂದ ಹೇಳಲು ಸಂಕೋಚವಾದರೂ ಹೇಳದಿರುವುದು ಸರಿಯಲ್ಲ.

ಒಂದು ಮುಂಜಾವಿನ ಸಂಗತಿ

ನಮ್ಮ ಮನೆಯಲ್ಲಿ ವಯಸ್ಸಾದ ತಾಯಿಯವರಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ ಮಾಡಿಕೊಳ್ಳುತ್ತಾರೆ. ಬಳಸಿದ ಸೂಜಿಯನ್ನು ಖಾಲಿಯಾದ ಹಾಲಿನ ಚೀಲದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿದ್ದಿತು. ಸುತ್ತಿ ಹಾಕಿದರೆ ಸಾಕು, ಯಾರಿಗೂ ಕಾಣುವುದಿಲ್ಲ ಎಂದು ತಿಳಿದಿದ್ದೆವು. ಕಾಣದಿರುವುದೇ ಅದರ ದೋಷವೆಂಬುದು ಆಗ ನಮಗೆ ಹೊಳೆದಿರಲಿಲ್ಲ.

ಕಳೆದ ವರ್ಷ ಒಂದು ಮುಂಜಾನೆ ಘಂಟಾಗಾಡಿಯು ಎಂದಿನಂತೆ ನಮ್ಮ ಓಣಿಗೆ ಬಂದಿತು. ಗಾಡಿಯೊಡನೆ ಬರುವ ತರುಣನು ನಮ್ಮ ಕಸದ ಚೀಲವನ್ನು ಕೈಯಲ್ಲಿ ಅಮುಕಿ ಮೇಲಕ್ಕೆ ಎತ್ತಿದನು. ಮರುಕ್ಷಣವೇ ಕೈಯನ್ನು ಝಾಡಿಸಿ ಬೆರಳನ್ನು ಬಾಯಿಗೆ ಹಾಕಿಕೊಂಡನು. ಏನಾಯಿತೆಂದು ಕೇಳಿದೆವು.

“ಏನಿಲ್ಲರಿ ಮಾಸ್ತರ, ಚೀಲದಾಗ ಸೂಜಿ ಇತ್ತರಿ, ಚುಚ್ಚೇತಿ,” ಎಂದನು.

ಒಳಗಿದ್ದ ತಾಯಿಯವರು ಈ ಮಾತನ್ನು ಕೇಳಿ ಗೋಡೆ ಹಿಡಿದು ಹೊರಗೆ ಬಂದರು. “ಅದು ನನ್ನ ಸೂಜಿನ ಐತಿ. ಅವನ್ನ ದವಾಖಾನಿಗೆ ಕರಕೊಂಡು ಹೋಗು,” ಎಂದು ನಮಗೆ ಹೇಳಿದರು. ತರುಣನು ನಕ್ಕು, “ಇದೇನ ಮೊದಲನೇದಲ್ಲರಿ ಅವ್ವಾರ. ವರ್ಷದಾಗ ಎರಡ ಮೂರ ಸಲ ಆಗತೈತ್ರಿ,” ಎಂದನು. ಆಗೆಲ್ಲ ಏನು ಮಾಡುತ್ತಿದ್ದೆ ಎಂದು ಕೇಳಿದ್ದಕ್ಕೆ, “ಏನ ಮಾಡೋದರಿ? ಯಾರ ಮನೀ ಸೂಜಿ ಅಂತ ಯಾರಿಗೆ ಗೊತ್ತರಿ?” ಎಂದನು.

ನಾವು ಅವನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆಯೂ ಅದೇ: ಸೂಜಿ ಯಾರದು? ಅದಕ್ಕೆ ಅಂದು ಉತ್ತರವಿದ್ದಿತು. ತಾಯಿಯವರ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ಅಂಟುವ ರೋಗವಾವುದೂ ಇಲ್ಲವೆಂದು ಕಂಡುಕೊಂಡರು. ತರುಣನಿಗೆ ಧನುರ್ವಾಯುವಿನ ಸೂಜಿಯನ್ನು ಹಾಕಿದರು. ಹೆಪಟೈಟಿಸ್ ಬಿ ಲಸಿಕೆಯನ್ನು ಅವನು ಎಂದೂ ಹಾಕಿಸಿಕೊಂಡಿರಲಿಲ್ಲ, ಅದನ್ನೂ ಆರಂಭಿಸಿದರು. ಅಂದು ಒಂದು, ತಿಂಗಳ ಮೇಲೆ ಒಂದು, ಆರನೆಯ ತಿಂಗಳಿಗೆ ಒಂದು. ಹಿಂದಿನ ಸೂಜಿಗಳು ಯಾರವೋ ತಿಳಿಯದುದರಿಂದ ಅವನ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಫಲಿತಾಂಶವು ಬರುವವರೆಗೆ ಅವನ ಮನೆಯವರು ಹೇಗಿದ್ದರೆಂಬುದನ್ನು ನಾವು ಬಲ್ಲೆವು. ದೈವವಶಾತ್ ದೋಷವೇನೂ ಕಂಡುಬರಲಿಲ್ಲ. ಆದರೆ ಒಂದು ಮನೆಯ ಅಜಾಗರೂಕತೆಯು ಇನ್ನೊಂದು ಮನೆಯ ನಿದ್ರೆಯನ್ನು ಕೆಡಿಸಿದುದು ಮಾತ್ರ ಸುಳ್ಳಾಗಲಿಲ್ಲ.

ಚಿಕ್ಕ ಸೂಜಿಯಲ್ಲಿ ಅಪಾಯವೆಷ್ಟು?

ವಿದ್ಯಾರ್ಥಿಗಳೆ, ಹೊಲಿಗೆಯ ಸೂಜಿ ಗಟ್ಟಿಯಾದದ್ದು. ವೈದ್ಯಕೀಯ ಸೂಜಿಯಾದರೋ ಒಳಗೆ ಟೊಳ್ಳಾದ ಸಣ್ಣ ನಳಿಗೆ. ಔಷಧಿಯು ಒಳಗೆ ಹೋಗುವ ದಾರಿಯಲ್ಲಿಯೇ ರಕ್ತದ ಕಣವೊಂದು ಹಿಂದಕ್ಕೆ ಬಂದು ಅದರಲ್ಲಿ ಉಳಿಯಬಹುದು. ಅದು ನಮ್ಮ ಕಣ್ಣಿಗೆ ಕಾಣಬೇಕೆಂದಿಲ್ಲ. ರಕ್ತದಿಂದ ಹರಡುವ ರೋಗಗಳಲ್ಲಿ ಮುಖ್ಯವಾದವು ಮೂರು. ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಎಂಬವು ಯಕೃತ್ತಿಗೆ ತಗಲುವ ರೋಗಗಳು. ಮೂರನೆಯದು ಎಚ್.ಐ.ವಿ.

ರೋಗವುಳ್ಳವರ ಸೂಜಿ ಚುಚ್ಚಿದವರೆಲ್ಲರಿಗೂ ರೋಗವು ತಗಲುವುದಿಲ್ಲ. ಆಸ್ಪತ್ರೆಯ ಸಿಬ್ಬಂದಿಯ ಅನುಭವದಿಂದ ವೈದ್ಯಶಾಸ್ತ್ರವು ಕೆಲವು ಲೆಕ್ಕಗಳನ್ನು ಕಂಡುಕೊಂಡಿದೆ. ಎಚ್.ಐ.ವಿ. ಉಳ್ಳವರ ಸೂಜಿ 1,000 ಜನರಿಗೆ ಚುಚ್ಚಿದರೆ ರೋಗ ತಗಲುವುದು ಸುಮಾರು 3 ಜನರಿಗೆ. ಹೆಪಟೈಟಿಸ್ ಸಿ ಆದರೆ 100ಕ್ಕೆ ಹೆಚ್ಚೆಂದರೆ 3. ಹೆಪಟೈಟಿಸ್ ಬಿ ಆದರೆ, ಲಸಿಕೆಯಿಲ್ಲದವರಲ್ಲಿ 100ಕ್ಕೆ 30ರವರೆಗೂ ಹೋಗಬಹುದು. ಬೀದಿಯಲ್ಲಿ ಬಿದ್ದು ಒಣಗಿದ ಸೂಜಿಯಿಂದ ಅಪಾಯವು ಇದಕ್ಕಿಂತ ಕಡಿಮೆ. ಆದರೂ ಹೆಪಟೈಟಿಸ್ ಬಿ ರೋಗಾಣುವು ಮೈಯಿಂದ ಹೊರಬಿದ್ದ ಬಳಿಕ 7 ದಿನಗಳವರೆಗಾದರೂ ಜೀವಂತವಿರಬಲ್ಲದು. ಸೋಮವಾರ ಬುಟ್ಟಿಗೆ ಬಿದ್ದ ಸೂಜಿಯು ಶನಿವಾರ ಕಸದ ರಾಶಿಯಲ್ಲಿಯೂ ತನ್ನ ವಿಷವನ್ನು ಉಳಿಸಿಕೊಂಡಿರಬಹುದು.

ಲಸಿಕೆಯಿಂದ ಈ ರೋಗವನ್ನು ತಡೆಯಬಹುದು. ನಮ್ಮ ದೇಶದಲ್ಲಿ ಇದು 2011ರ ಹೊತ್ತಿಗೆ ಎಲ್ಲ ಶಿಶುಗಳ ಲಸಿಕಾ ಕಾರ್ಯಕ್ರಮದಲ್ಲಿ ಸೇರಿತು. ಆದುದರಿಂದ ಇಂದಿನ ಮಕ್ಕಳಲ್ಲಿ ಬಹುಮಂದಿಗೆ ಈ ರಕ್ಷೆಯುಂಟು. ಆದರೆ ಇಂದು ಕಸವನ್ನು ಎತ್ತುವ ಕೈಗಳು ಅದಕ್ಕಿಂತ ಮೊದಲು ಹುಟ್ಟಿದವರ ಕೈಗಳು.

ಕುದಿಸುವ ಕಾಲ, ಎಸೆಯುವ ಕಾಲ

ಟೊಳ್ಳು ಸೂಜಿಯನ್ನೂ ಪಿಚಕಾರಿಯನ್ನೂ ಒಂದುಗೂಡಿಸಿ ಬಳಕೆಗೆ ತಂದುದು 1853ರಲ್ಲಿ. ಎಡಿನ್‌ಬರೋದ ಅಲೆಕ್ಸಾಂಡರ್ ವುಡ್, ಫ್ರಾನ್ಸಿನ ಶಾರ್ಲ್ ಪ್ರವಾಜ್ ಎಂಬ ಇಬ್ಬರು ವೈದ್ಯರ ಹೆಸರುಗಳು ಇದರೊಡನೆ ಸೇರಿವೆ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಸಾವಿನ ದವಡೆಯಲ್ಲಿದ್ದ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಕೊಟ್ಟರು, ಅವನು ಚೇತರಿಸಿಕೊಂಡನು. ಅಂದಿನಿಂದ ಇಂದಿನವರೆಗೆ ಈ ಚಿಕ್ಕ ಸೂಜಿಯು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಆದುದರಿಂದ ಸೂಜಿಯನ್ನು ಕಂಡು ಹೆದರಬೇಕೆಂದು ನಾವು ಹೇಳುವುದಿಲ್ಲ.

ನಮ್ಮ ಬಾಲ್ಯದಲ್ಲಿ ದವಾಖಾನೆಯ ಪಿಚಕಾರಿಯು ಗಾಜಿನದಾಗಿತ್ತು. ಕಂಪೌಂಡರರು ಅದನ್ನು ಸ್ಟೋವಿನ ಮೇಲೆ ನೀರಿನಲ್ಲಿ ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಕುದಿಸುವುದರಲ್ಲಿ ಉದಾಸೀನವಾದರೆ ಒಬ್ಬರ ರೋಗವು ಇನ್ನೊಬ್ಬರಿಗೆ ತಗಲುತ್ತಿದ್ದಿತು. ಈ ಭಯವನ್ನು ಹೋಗಲಾಡಿಸಲೆಂದೇ ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಪಿಚಕಾರಿಯು ಬಂದಿತು. ಅದರಿಂದ ರೋಗಿಗೆ ರಕ್ಷಣೆ ದೊರೆಯಿತು. ಆದರೆ ಬಿಟ್ಟ ಸೂಜಿಗೆ ಒಂದು ನೆಲೆಯನ್ನು ಕಲ್ಪಿಸದೆ ಹೋದರೆ ಅಪಾಯವು ನಾಶವಾಗುವುದಿಲ್ಲ. ರೋಗಿಯ ತೋಳಿನಿಂದ ಕಸ ಎತ್ತುವವನ ಕೈಗೆ ವರ್ಗವಾಗುವುದು, ಅಷ್ಟೆ.

ಆಸ್ಪತ್ರೆಯ ಸೂಜಿಯ ದಾರಿ

ಆಸ್ಪತ್ರೆಯ ಸೂಜಿಗೆ ನಮ್ಮ ದೇಶದ ಕಾನೂನು ದಾರಿಯನ್ನು ಹಾಕಿಕೊಟ್ಟಿದೆ. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಮೊದಲು 1998ರಲ್ಲಿ ಬಂದವು. 2016ರಲ್ಲಿ ಅವುಗಳನ್ನು ಹೊಸದಾಗಿ ರಚಿಸಲಾಯಿತು. ಆ ಪ್ರಕಾರ ಆಸ್ಪತ್ರೆಯ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣಗಳಲ್ಲಿ ಹುಟ್ಟಿದ ಸ್ಥಳದಲ್ಲಿಯೇ ಬೇರ್ಪಡಿಸತಕ್ಕದ್ದು. ಸೂಜಿ, ಬ್ಲೇಡು ಮೊದಲಾದ ಲೋಹದ ಹರಿತ ವಸ್ತುಗಳಿಗೆ ಬಿಳಿಯ ಡಬ್ಬಿ. ಅದು ಚುಚ್ಚಿದರೆ ತೂತಾಗಬಾರದು, ಸೋರಬಾರದು, ಒಮ್ಮೆ ಮುಚ್ಚಿದ ಬಳಿಕ ಸುಲಭವಾಗಿ ತೆರೆಯಲು ಬರಬಾರದು. ಸೂಜಿಯನ್ನು ತೆಗೆದ ಪ್ಲಾಸ್ಟಿಕ್ ಪಿಚಕಾರಿಗೆ ಕೆಂಪು ಚೀಲ. ಸೂಜಿ ಬಿಟ್ಟುಬರದಂತೆ ಕೂಡಿಕೊಂಡೇ ಇರುವ ಪಿಚಕಾರಿಯು ಮಾತ್ರ ಇಡಿಯಾಗಿ ಬಿಳಿಯ ಡಬ್ಬಿಗೇ ಹೋಗಬೇಕು.

ಅಲ್ಲಿಂದ ಇವು ಸಂಸ್ಕರಣ ಕೇಂದ್ರಕ್ಕೆ ಹೋಗುತ್ತವೆ. ಒತ್ತಡದ ಹಬೆಯಿಂದಲೋ ಒಣ ಶಾಖದಿಂದಲೋ ಸೂಜಿಗಳಲ್ಲಿಯ ರೋಗಾಣುಗಳನ್ನು ಕೊಂದು, ಸೂಜಿಗಳನ್ನು ನುಚ್ಚುಮಾಡುತ್ತಾರೆ. ಇಲ್ಲವೆ ಲೋಹದ ಪಾತ್ರೆಯಲ್ಲಿಯೋ ಕಾಂಕ್ರೀಟಿನಲ್ಲಿಯೋ ಅಡಗಿಸಿಬಿಡುತ್ತಾರೆ. ಹಬೆಯಲ್ಲಿ ಶುದ್ಧವಾದ ಪ್ಲಾಸ್ಟಿಕ್ ಪಿಚಕಾರಿಗಳನ್ನು ಚೂರುಮಾಡಿ ಪುನಃ ಪ್ಲಾಸ್ಟಿಕ್ ತಯಾರಿಸುವವರಿಗೆ ಕೊಡುತ್ತಾರೆ. ಈ ಕೆಲಸದಲ್ಲಿ ತೊಡಗಿದವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆಗಳನ್ನು ಹಾಕಿಸಬೇಕೆಂದೂ ಆ ನಿಯಮಗಳು ವಿಧಿಸಿವೆ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಕೆಲವರು ಕೇಳಬಹುದು. 2009ರ ಆರಂಭದಲ್ಲಿ ಗುಜರಾತದ ಮೋಡಾಸಾ ಎಂಬ ಪಟ್ಟಣದಲ್ಲಿಯೂ ಸುತ್ತಮುತ್ತಲೂ ಹೆಪಟೈಟಿಸ್ ಬಿ ಹಬ್ಬಿ ಹಲವರು ಮಡಿದರು. ಬಳಸಿದ ಸೂಜಿ ಪಿಚಕಾರಿಗಳನ್ನು ಪುನಃ ಬಳಸಿದುದು ಅದಕ್ಕೆ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. ಬಳಸಿದ ಪಿಚಕಾರಿಗಳು ಗುಜರಿಗೆ ಸೇರಿ ವ್ಯಾಪಾರದ ಸರಕಾಗಿದ್ದುದೂ ಬೆಳಕಿಗೆ ಬಂದಿತು. ನಮ್ಮ ಊರಿನಲ್ಲಿ ಗುಜರಿಗೆ ‘ಭಂಗಾರ’ ಎನ್ನುವರಷ್ಟೆ. ಕಿವಿಗೆ ಬಂಗಾರದಂತೆ ಕೇಳಿಸುವ ಆ ಭಂಗಾರದಲ್ಲಿ ಮೃತ್ಯುವೂ ಮಾರಾಟವಾಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಮನೆಯ ಸೂಜಿಗೆ ದಾರಿ ಯಾವುದು?

ಆಸ್ಪತ್ರೆಯಲ್ಲಿ ಹತ್ತು ಜನರ ಕಣ್ಣಿರುತ್ತದೆ. ಮನೆಯ ಬುಟ್ಟಿಯನ್ನು ಯಾರು ನೋಡಬೇಕು? ದಿನಕ್ಕೆ ಎರಡು ಹೊಸ ಸೂಜಿಗಳನ್ನು ಬಳಸುವ ಮನೆಯಿಂದ ವರ್ಷಕ್ಕೆ 730 ಸೂಜಿಗಳು ಹೊರಬೀಳುತ್ತವೆ. ಒಂದು ಬಡಾವಣೆಯಲ್ಲಿ ಅಂಥ ಮನೆಗಳು ಹತ್ತಿದ್ದರೆ 7,300. ಬೆರಳಿನಿಂದ ರಕ್ತ ತೆಗೆದು ಸಕ್ಕರೆ ನೋಡಿಕೊಳ್ಳುವ ಸಣ್ಣ ಮುಳ್ಳುಗಳು ಇದರಲ್ಲಿ ಸೇರಿಲ್ಲ. ಇವೆಲ್ಲ ಬಾಳೆಯ ಸಿಪ್ಪೆ, ಚಹದ ಚರಟದೊಡನೆ ಹೊರಟರೆ ಮುಂದೆ ಏನಾಗುವುದೆಂಬುದನ್ನು ವಿಚಾರಿಸಿರಿ.

ನಗರದ ಕಸವು ಯಂತ್ರದಿಂದ ಮಾತ್ರ ವಿಂಗಡವಾಗುವುದಿಲ್ಲ. ಮನುಷ್ಯರ ಕೈಗಳಿಂದ ವಿಂಗಡವಾಗುವುದು. ನಮ್ಮ ನೆರೆಯ ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲಿ ತಮ್ಮದೊಂದು ಸಂಘಟನೆಯನ್ನು ಕಟ್ಟಿಕೊಂಡರು. 2008ರಲ್ಲಿ ‘ಸ್ವಚ್ಛ’ ಎಂಬ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿ ಮನೆಮನೆಯ ಕಸವನ್ನು ಸಂಗ್ರಹಿಸುವ ಕೆಲಸವನ್ನು ಕೈಕೊಂಡರು. ಅವರಲ್ಲಿ ಬಹುಮಂದಿ ಸ್ತ್ರೀಯರು. ನಾವು ಚೀಲದ ಬಾಯಿ ಕಟ್ಟಿ ಕೊಟ್ಟುದನ್ನು ಬಿಚ್ಚಿ ನೋಡುವವರು ಇಂಥವರೇ.

2016ರಲ್ಲಿ ಹೊರಟ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿಯನ್ನು ಮರೆಯಲಿಲ್ಲ. ಹಸಿ ಕಸ, ಒಣ ಕಸಗಳಲ್ಲದೆ ‘ಮನೆಯ ಅಪಾಯಕಾರಿ ಕಸ’ ಎಂಬ ಮೂರನೆಯ ವರ್ಗವನ್ನು ಅವು ಮಾಡಿದವು. ಅವಧಿ ಮುಗಿದ ಔಷಧಿ, ಒಡೆದ ಪಾರದ ಥರ್ಮಾಮೀಟರು, ಬ್ಯಾಟರಿಗಳೊಡನೆ ಬಳಸಿದ ಸೂಜಿ ಪಿಚಕಾರಿಗಳನ್ನೂ ಅದರಲ್ಲಿ ಎಣಿಸಿದವು. ಇಂಥ ಕಸವನ್ನು ಸ್ವೀಕರಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಕೇಂದ್ರಗಳನ್ನು ತೆರೆಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದವು. ಕಸ ಎತ್ತುವವರಿಗೆ ಕೈಗವಸು, ಪಾದರಕ್ಷೆ, ಮುಖವಾಡಗಳನ್ನು ಕೊಡಬೇಕೆಂದೂ ವಿಧಿಸಿದವು. ಆದರೆ ತೆಳ್ಳನೆಯ ಕೈಗವಸನ್ನು ಸೂಜಿಯು ಲೆಕ್ಕಿಸುವುದಿಲ್ಲ. ಸೂಜಿಗೆ ಕವಚವು ಬೇಕಾಗಿರುವುದು ಎತ್ತುವವನ ಕೈಯಲ್ಲಲ್ಲ, ಎಸೆಯುವವನ ಮನೆಯಲ್ಲಿ. ಈ ಲೇಖನದ ಸಾರವೆಲ್ಲವೂ ಈ ಒಂದು ಮಾತಿನಲ್ಲಿದೆ.

ಮಾಡತಕ್ಕದ್ದು, ಮಾಡಬಾರದ್ದು

ಪಾಲಕರೆ, ಇದಕ್ಕೆ ಖರ್ಚಿಲ್ಲ. ಬಟ್ಟೆ ತೊಳೆಯುವ ದ್ರವಸಾಬೂನಿನ ಖಾಲಿ ಡಬ್ಬಿಯಂತಹ, ತಿರುಗಿಸಿ ಮುಚ್ಚುವ ಬಿರಡೆಯುಳ್ಳ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದಿಡಿರಿ. ಕುಡಿಯುವ ನೀರಿನ ತೆಳ್ಳನೆಯ ಬಾಟಲಿ ಬೇಡ. ಸೂಜಿಯು ಅದನ್ನು ಚುಚ್ಚಿ ಹೊರಬರುವುದು. ಗಾಜಿನ ಶೀಷೆ ಬೇಡ, ಒಡೆಯುವುದು. ಹಾಲಿನ ಚೀಲವಂತೂ ಕೂಡದು. ಅದರ ಫಲವನ್ನು ನಾವು ಕಂಡಿದ್ದೇವೆ.

ಡಬ್ಬಿಯನ್ನು ಸೂಜಿ ಮಾಡಿಕೊಳ್ಳುವ ಸ್ಥಳದಲ್ಲಿಯೇ, ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಿರಿ. ಬಳಸಿದ ಕೂಡಲೆ ಸೂಜಿಯನ್ನು ಅದರಲ್ಲಿ ಹಾಕಿರಿ. ಆಮೇಲೆ ಹಾಕೋಣವೆಂದು ಮೇಜಿನ ಮೇಲೆ ಬಿಡಬೇಡಿರಿ. ಇನ್ಸುಲಿನ್ ಪಿಚಕಾರಿಗಳಲ್ಲಿ ಬಹಳಷ್ಟಕ್ಕೆ ಸೂಜಿಯು ಕೂಡಿಕೊಂಡೇ ಇರುವುದರಿಂದ ಅವನ್ನು ಇಡಿಯಾಗಿ ಹಾಕಿರಿ. ಪೆನ್ನಿನಿಂದ ಇನ್ಸುಲಿನ್ ತೆಗೆದುಕೊಳ್ಳುವವರು ಸೂಜಿಯ ಹೊರಗಿನ ದೊಡ್ಡ ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿಯದೆ ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ಸೇರಿಸಿ, ತಿರುಗಿಸಿ ಬಿಡಿಸಿ ಹಾಕಲಿ. ರಕ್ತ ತೆಗೆಯುವ ಸಣ್ಣ ಮುಳ್ಳುಗಳೂ ಅದರಲ್ಲಿಯೇ ಬೀಳಲಿ. ಸೂಜಿಯನ್ನು ಬಗ್ಗಿಸುವುದು, ಕೈಯಿಂದ ಮುರಿಯುವುದು ಬೇಡ. ಚುಚ್ಚಿಕೊಳ್ಳುವವರಲ್ಲಿ ಮೊದಲಿಗರು ನಾವೇ ಆದೇವು.

ಡಬ್ಬಿಯು ಮುಕ್ಕಾಲು ತುಂಬಿದೊಡನೆ ಬಿರಡೆಯನ್ನು ಬಿಗಿದು, ಅದರ ಮೇಲೆ ಅಂಟುಪಟ್ಟಿಯನ್ನು ಸುತ್ತಿರಿ. ತುಂಬಿ ತುಳುಕುವವರೆಗೆ ಕಾಯಬಾರದು. ಬಳಿಕ ಅದನ್ನು ಬೇರೆ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಡತಕ್ಕದ್ದು. ಅಪಾಯಕಾರಿ ಕಸವನ್ನು ಸ್ವೀಕರಿಸುವ ಸ್ಥಳ ಎಲ್ಲಿದೆ, ಯಾವ ವೇಳೆಗೆ ತೆರೆದಿರುವುದು ಎಂಬುದನ್ನು ಮಹಾನಗರಪಾಲಿಕೆಯ ನಿಮ್ಮ ವಿಭಾಗದ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿರಿ. ಹೀಗೆ ಕೇಳುವವರು ಹೆಚ್ಚಿದಷ್ಟೂ ವ್ಯವಸ್ಥೆಯು ಬಲವಾಗುವುದು. ನಿಮ್ಮ ವೈದ್ಯರು ಒಪ್ಪಿದರೆ ಅವರ ದವಾಖಾನೆಯ ಬಿಳಿಯ ಡಬ್ಬಿಯ ದಾರಿಗೆ ಇದನ್ನೂ ಸೇರಿಸಬಹುದು. ಘಂಟಾಗಾಡಿಗೇ ಕೊಡುವುದಾದರೆ, ಒಳಗೆ ಸೂಜಿಗಳಿವೆಯೆಂದು ಬಾಯಿಬಿಟ್ಟು ಹೇಳಿ ಕೈಗೆ ಕೊಡಿರಿ.

ಸೂಜಿಯನ್ನು ಗಟಾರಕ್ಕಾಗಲಿ ಪಾಯಿಖಾನೆಗಾಗಲಿ ಹಾಕಬಾರದು. ಅವನ್ನು ಶುದ್ಧಮಾಡಲು ಇಳಿಯುವವರೂ ಮನುಷ್ಯರೇ. ಅಂಗಳದಲ್ಲಿ ಸುಡಬಾರದು, ಪ್ಲಾಸ್ಟಿಕ್ ಸುಟ್ಟು ವಿಷದ ಹೊಗೆಯೇಳುವುದು, ಸೂಜಿಯು ಬೂದಿಯಲ್ಲಿ ಹಾಗೆಯೇ ಉಳಿಯುವುದು. ಭಂಗಾರಕ್ಕೆ ಎಂದಿಗೂ ಕೊಡಬಾರದು.

ಚುಚ್ಚಿದರೆ ಏನು ಮಾಡಬೇಕು?

ಬಾಲಕ ಬಾಲಿಕೆಯರೆ, ದಾರಿಯಲ್ಲಿ, ಮೈದಾನದಲ್ಲಿ ಸೂಜಿಯನ್ನಾಗಲಿ ಪಿಚಕಾರಿಯನ್ನಾಗಲಿ ಕಂಡರೆ ಮುಟ್ಟಬೇಡಿರಿ. ನೀರು ತುಂಬಿ ಆಡಲು ಒಳ್ಳೆಯ ಆಟಿಕೆಯೆಂದು ಎತ್ತಿಕೊಳ್ಳಬೇಡಿರಿ. ದೊಡ್ಡವರಿಗೆ ತೋರಿಸಿರಿ.

ಆಕಸ್ಮಾತ್ ಚುಚ್ಚಿದರೆ ಬೆರಳನ್ನು ಬಾಯಿಗೆ ಹಾಕಿಕೊಳ್ಳಬಾರದು. ಹಿಂಡಿ ರಕ್ತ ತೆಗೆಯಲೂಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಿರಿ. ಬೈಗುಳಕ್ಕೆ ಹೆದರಿ ಬಚ್ಚಿಡದೆ ಮನೆಯವರಿಗೋ ಗುರುಗಳಿಗೋ ತಿಳಿಸಿ, ಅಂದೇ ಆಸ್ಪತ್ರೆಗೆ ಹೋಗಿರಿ. ಎಚ್.ಐ.ವಿ. ತಗಲದಂತೆ ತಡೆಯುವ ಔಷಧಿಯುಂಟು. ವೈದ್ಯರು ಅದು ಅವಶ್ಯವೆಂದು ಕಂಡರೆ ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. 72 ಗಂಟೆಗಳು ಮೀರಿದರೆ ಅದರಿಂದ ಪ್ರಯೋಜನವಿಲ್ಲ. ಅದನ್ನು 28 ದಿನ ತೆಗೆದುಕೊಳ್ಳಬೇಕಾಗುವುದು. ಹೆಪಟೈಟಿಸ್ ಬಿ ಲಸಿಕೆಯನ್ನೂ ಆಗಲೇ ಆರಂಭಿಸಬಹುದು. ಮೌನವಾಗಿರುವುದಕ್ಕಿಂತ ದೊಡ್ಡ ತಪ್ಪು ಇದರಲ್ಲಿ ಬೇರೊಂದಿಲ್ಲ.

ಗಡಿನಾಡಿನ ಮಕ್ಕಳಿಗೊಂದು ಕೆಲಸ

ಈಗ ನಮ್ಮ ಮನೆಯಲ್ಲಿ ಕಿಟಕಿಯ ಮೇಲಿನ ಹಲಗೆಯಲ್ಲಿ ಅಂಥದೊಂದು ಡಬ್ಬಿಯಿದೆ. ಅದಕ್ಕೆ ಚೀಟಿ ಬರೆಯುವಾಗ ಒಂದು ಪ್ರಶ್ನೆ ಎದ್ದಿತು. “ಬಳಸಿದ ಸೂಜಿಗಳು, ತೆರೆಯಬಾರದು” ಎಂದು ಕನ್ನಡದಲ್ಲಿ ಬರೆದೆವು. ನಮ್ಮ ತಾಯಿಯವರು ಅದನ್ನು ಓದಿಸಿ ಕೇಳಿ, “ನಿನಗ ತಿಳೀತು, ಎತ್ತಾಂವಗ ತಿಳೀಬೇಕಲ್ಲ?” ಎಂದರು. ಮಾತು ನಿಜವಾಗಿದ್ದಿತು. ಅದರ ಕೆಳಗೆ “ವಾಪರಲೇಲ್ಯಾ ಸುಯಾ, ಉಘಡೂ ನಯೇ” ಎಂದು ಮರಾಠಿಯಲ್ಲಿಯೂ ಬರೆದೆವು.

ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ಕನ್ನಡವನ್ನು, ಬೀದಿಯಲ್ಲಿ ಮರಾಠಿಯನ್ನು ಆಡಬಲ್ಲವರು. ಕೆಲವರು ನೆರೆಮನೆಯ ತೆಲುಗನ್ನೂ ಬಲ್ಲರು. ಇದನ್ನು ಹೊರೆಯೆಂದು ತಿಳಿಯುವವರಿದ್ದಾರೆ. ನಾವಾದರೋ ಇದನ್ನು ಸಂಪತ್ತೆಂದು ತಿಳಿಯುವೆವು. ಈ ಸಂಪತ್ತನ್ನು ಒಂದು ಪುಣ್ಯಕಾರ್ಯಕ್ಕೆ ಉಪಯೋಗಿಸಿರಿ. ನಿಮ್ಮ ಅಜ್ಜ ಅಜ್ಜಿಯರೋ ನೆರೆಯವರೋ ಮನೆಯಲ್ಲಿ ಸೂಜಿ ಮಾಡಿಕೊಳ್ಳುತ್ತಿದ್ದರೆ ಅವರಿಗೊಂದು ಡಬ್ಬಿಯನ್ನು ಹೊಂದಿಸಿಕೊಡಿರಿ. ಸೂಜಿಗಳನ್ನು ಅವರೇ ಹಾಕಲಿ. ಚೀಟಿಯನ್ನು ಮಾತ್ರ ನೀವು ಬರೆಯಿರಿ, ಎತ್ತುವವರು ಓದಬಲ್ಲ ಎಲ್ಲ ಭಾಷೆಗಳಲ್ಲಿ ಬರೆಯಿರಿ.

ಮನೆಗೆ ಹೋಗಿ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿರಿ. ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಸೂಜಿಗಳು ಬಳಕೆಯಾಗುತ್ತವೆ? ಅವು ಈಗ ಎಲ್ಲಿ ಬೀಳುತ್ತವೆ? ನಿಮ್ಮ ಓಣಿಯ ಕಸವನ್ನು ಎತ್ತುವವರ ಹೆಸರೇನು? ಮೂರನೆಯ ಪ್ರಶ್ನೆಗೆ ನಮಗೂ ಅಂದಿನವರೆಗೆ ಉತ್ತರ ತಿಳಿದಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಬರೆಸುವಾಗಲೇ ನಾವು ಆ ತರುಣನ ಹೆಸರನ್ನು ಕೇಳಿದುದು. ಅವನು ಲಸಿಕೆಯ ಮೂರನೆಯ ಸೂಜಿಯನ್ನೂ ಹಾಕಿಸಿಕೊಂಡು ಈಗಲೂ ನಮ್ಮ ಓಣಿಗೆ ಬರುತ್ತಿದ್ದಾನೆ. ಡಬ್ಬಿ ತುಂಬಿದ ದಿನ ತಾಯಿಯವರು ತಾವೇ ಬಾಗಿಲಿಗೆ ಬಂದು, ಹೆಸರು ಹಿಡಿದು ಕರೆದು, ಅದನ್ನು ಅವನ ಕೈಗೆ ಕೊಡುತ್ತಾರೆ.